ಕಾರ್ಪೆಟ್ ಕೇಳಿದವರ ಬೀದಿಯಲ್ಲಿ

ಮೊದಲ ದಿನ, ಭಾನುವಾರ

ಬಾಸ್ಟನ್ನಿನ ಲೋಗನ್ ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವ ಸಿಲ್ವರ್ ಲೈನ್ ಬಸ್ಸಿಗೆ ಟಿಕೆಟ್ ಇಲ್ಲ. ಬಾಗಿಲು ತೆರೆಯುತ್ತದೆ, ಹತ್ತಿ ಕೂರುವುದು, ಅಷ್ಟೆ. ಹದಿನೈದು ವರ್ಷ ಒಂದು ದತ್ತಿ ಸಂಸ್ಥೆಯಲ್ಲಿ ಕುಳಿತು ಅನುದಾನದ ಅರ್ಜಿಗಳನ್ನು ಓದಿದವನಿಗೆ ಇಂಥದ್ದನ್ನು ಕಂಡರೆ ಮೊದಲು ಅನುಮಾನ ಬರುತ್ತದೆ. ಯಾವ ನಮೂನೆಯನ್ನೂ ತುಂಬಿಸಿಕೊಳ್ಳದೆ, ಯಾವ ದಾಖಲೆಯನ್ನೂ ಕೇಳದೆ ಕೊಡುವುದುಂಟೆ? ಚಾಲಕನನ್ನು ಎರಡು ಸಲ ಕೇಳಿದೆ. ಎರಡನೆಯ ಸಲ ಅವನು ಬಾಯಿ ತೆರೆಯಲಿಲ್ಲ, ಒಳಗೆ ನಡೆ ಎಂದು ಕೈಸನ್ನೆ ಮಾಡಿದ.

ನಾನು ಬಂದದ್ದು ಒಂದು ಬೀದಿಯನ್ನು ನೋಡಲು. ರಾಕ್ಸ್‌ಬರಿ ಎಂಬ ಭಾಗದ ಡಡ್ಲಿ ಬೀದಿ. ಬಾಸ್ಟನ್ನಿಗೆ ಬಂದವರು ಪಾದಚಾರಿ ದಾರಿಯಲ್ಲಿ ಎಳೆದಿರುವ ಕೆಂಪು ಗೆರೆಯನ್ನು ಹಿಡಿದು ಎರಡೂವರೆ ಮೈಲಿ ನಡೆದು, ಕ್ರಾಂತಿಯ ಕಾಲದ ಚರ್ಚು, ಸ್ಮಶಾನ, ಸಭಾಭವನಗಳನ್ನು ನೋಡಿ ಹೋಗುತ್ತಾರೆ. ಆ ಗೆರೆ ರಾಕ್ಸ್‌ಬರಿಯ ಕಡೆಗೆ ತಿರುಗುವುದಿಲ್ಲ. ಆದರೆ ದುಡ್ಡು ಕೊಡುವವರಿಗೂ ಪಡೆಯುವವರಿಗೂ ಇರುವ ಸಂಬಂಧದ ಬಗ್ಗೆ ನಮ್ಮ ಕಸುಬಿನವರು ಹರಟೆಗೆ ಕುಳಿತರೆ ಈ ಬೀದಿಯ ಹೆಸರು ಎಲ್ಲೋ ಒಂದು ಕಡೆ ಬರುತ್ತದೆ. ಬಾಯಿಂದ ಬಾಯಿಗೆ ಬಂದ ಕಥೆಯ ನೆಲವನ್ನು ಒಮ್ಮೆ ಕಾಲಿನಿಂದ ಅಳೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ರಜೆ ಹಾಕಿದೆ, ಸ್ವಂತ ಖರ್ಚು. ಕಚೇರಿಯ ಖರ್ಚಿನಲ್ಲಿ ಬಂದಿದ್ದರೆ ವರದಿ ಒಪ್ಪಿಸಬೇಕು. ವರದಿ ತಲೆಯಲ್ಲಿದ್ದರೆ ಕಣ್ಣಿಗೆ ವರದಿಗೆ ಬೇಕಾದದ್ದೇ ಕಾಣುತ್ತದೆ.

ಸೌತ್ ಸ್ಟೇಷನ್ನಿನಲ್ಲಿ ಇನ್ನೊಂದು ಸಿಲ್ವರ್ ಲೈನ್ ಬಸ್ ಹಿಡಿದು ವಾಷಿಂಗ್ಟನ್ ಬೀದಿಯ ಉದ್ದಕ್ಕೂ ದಕ್ಷಿಣಕ್ಕೆ ಹೊರಟೆ. ಈ ಬೀದಿಯ ನೆತ್ತಿಯ ಮೇಲೆ ಒಂದು ಕಾಲಕ್ಕೆ ಉಕ್ಕಿನ ಕಂಬಗಳ ಮೇಲೆ ರೈಲು ಓಡುತ್ತಿತ್ತು. 1987ರಲ್ಲಿ ಅದನ್ನು ನಿಲ್ಲಿಸಿ, ಹಳಿಯನ್ನು ಪಶ್ಚಿಮದ ಇನ್ನೊಂದು ದಾರಿಗೆ ಒಯ್ದರು. ಆ ಇನ್ನೊಂದು ದಾರಿಯದೂ ಒಂದು ಕಥೆ: ಹೆದ್ದಾರಿ ಮಾಡುತ್ತೇವೆಂದು ಮನೆಗಳನ್ನು ಕೆಡವಿ ನೆಲ ಸಮ ಮಾಡಿದ್ದರು, ಜನ ಬೀದಿಗಿಳಿದು ಹೆದ್ದಾರಿಯನ್ನು ತಡೆದರು, ತೆರವಾಗಿ ಬಿದ್ದಿದ್ದ ಜಾಗದಲ್ಲಿ ಕೊನೆಗೆ ರೈಲು ಬಂತು. ರಾಕ್ಸ್‌ಬರಿಯ ಮಧ್ಯಭಾಗಕ್ಕೆ ಮಾತ್ರ ರೈಲಿನ ಬದಲು ಬಸ್ ಉಳಿಯಿತು.

ಕೊನೆಯ ನಿಲ್ದಾಣ ನೂಬಿಯನ್ ಚೌಕ. 2019ರ ಕೊನೆಯವರೆಗೂ ಇದು ಡಡ್ಲಿ ಚೌಕವಾಗಿತ್ತು. ಥಾಮಸ್ ಡಡ್ಲಿ ವಸಾಹತು ಕಾಲದ ಗವರ್ನರ್. ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಸಿಕ್ಕ ಕಾಲದಲ್ಲಿ ಅಧಿಕಾರದಲ್ಲಿದ್ದವನ ಹೆಸರು ನಮ್ಮ ಚೌಕಕ್ಕೆ ಬೇಡವೆಂದು ಇಲ್ಲಿಯವರು ಹಟ ಹಿಡಿದರು. ಹೆಸರು ಬದಲಾಗಬೇಕೇ ಎಂದು ಇಡೀ ನಗರದ ಅಭಿಪ್ರಾಯ ಕೇಳಿದಾಗ ನಗರ ಬೇಡವೆಂದಿತು, ಚೌಕದ ಸುತ್ತಲಿನ ಮತಗಟ್ಟೆಗಳು ಬೇಕೆಂದವು. ಕೊನೆಗೆ ಗೆದ್ದದ್ದು ಸುತ್ತಲಿನವರ ಮಾತು. ಬೀದಿಯ ಹೆಸರು ಮಾತ್ರ ಡಡ್ಲಿಯಾಗಿಯೇ ಇದೆ. ಬಸ್ಸಿನಿಂದ ಇಳಿದಾಗ ಫಲಕದಲ್ಲಿ ಒಂದು ಹೆಸರು, ಮೂಲೆಯ ಕಂಬದಲ್ಲಿ ಇನ್ನೊಂದು. ಬಂದ ಗಳಿಗೆಯಲ್ಲೇ ದಾರಿ ತಪ್ಪಲು ಇಷ್ಟು ಸಾಕಾಯಿತು. ಬಾಡಿಗೆಯ ಕೋಣೆ ಸೇರುವ ಹೊತ್ತಿಗೆ ಕತ್ತಲಾಗಿತ್ತು.

ಎರಡನೆಯ ದಿನ, ಸೋಮವಾರ

ನಿದ್ದೆ ಬೆಳಗಿನ ಮೂರಕ್ಕೇ ಬಿಟ್ಟುಹೋಯಿತು. ಡಡ್ಲಿ ಬೀದಿಯನ್ನು ನಾಳೆಗೆ ಇಟ್ಟುಕೊಂಡು, ದುಡ್ಡು ಇರುವ ಕಡೆಗೆ ಮೊದಲು ಹೋಗೋಣವೆಂದು ಪೇಟೆಗೆ ಹೊರಟೆ.

ಗ್ರಾನರಿ ಸ್ಮಶಾನದ ನಡುವೆ ಫ್ರಾಂಕ್ಲಿನ್ ಎಂದು ಕೆತ್ತಿದ ದೊಡ್ಡ ಕಲ್ಲುಗಂಬವಿದೆ. ಬೆಂಜಮಿನ್ ಫ್ರಾಂಕ್ಲಿನ್‌ನ ಸಮಾಧಿಯೆಂದು ಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಅವನ ತಂದೆತಾಯಿಯದು. ಅವನನ್ನು ಮಣ್ಣು ಮಾಡಿದ್ದು ಫಿಲಡೆಲ್ಫಿಯಾದಲ್ಲಿ. ಆದರೆ ಹುಟ್ಟಿದ ಊರನ್ನು ಅವನು ಮರೆತಿರಲಿಲ್ಲ. 1790ರಲ್ಲಿ ಸಾಯುವಾಗ ಬಾಸ್ಟನ್ನಿಗೆ ಒಂದು ಸಾವಿರ ಪೌಂಡ್ ಬಿಟ್ಟುಹೋದ, ಜೊತೆಗೆ ಷರತ್ತುಗಳನ್ನೂ. ಹಣವನ್ನು ಕುಶಲಕರ್ಮಿಗಳಿಗೆ ಶೇಕಡಾ 5ರ ಬಡ್ಡಿಗೆ ಸಾಲವಾಗಿ ಕೊಡಬೇಕು. ಸಾಲ ಪಡೆಯುವವನಿಗೆ 25 ವರ್ಷ ತುಂಬಿರಬಾರದು, ಮದುವೆಯಾಗಿರಬೇಕು, ಇದೇ ಊರಿನಲ್ಲಿ ಒಬ್ಬ ಗುರುವಿನ ಕೈಕೆಳಗೆ ಕಸುಬು ಕಲಿತು ಮುಗಿಸಿರಬೇಕು, ಇಬ್ಬರು ಗೌರವಸ್ಥರು ಜಾಮೀನು ನಿಲ್ಲಬೇಕು. ಹೀಗೆ ಇನ್ನೂರು ವರ್ಷ.

ಕಾರ್ಖಾನೆಗಳು ಬಂದವು. ಗುರುವಿನ ಬಳಿ ಕಸುಬು ಕಲಿಯುವ ಪದ್ಧತಿಯೇ ಅಳಿಯಿತು. ಷರತ್ತಿಗೆ ಹೊಂದುವ ಹುಡುಗರು ಸಿಗದೆ ನಿಧಿ ಬೇರೆ ಕಡೆ ಹೂಡಿಕೆಯಾಗಿ ಬೆಳೆಯುತ್ತಾ ಹೋಯಿತು. ನೂರು ವರ್ಷವಾದ ಮೇಲೆ ಅದರ ಒಂದು ಪಾಲಿಗೆ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ತನ್ನ ಪಾಲು ಸೇರಿಸಿ, 1908ರಲ್ಲಿ ಕಸುಬು ಕಲಿಸುವ ಶಾಲೆಯೊಂದು ಆಯಿತು. ಇನ್ನೂರು ವರ್ಷ ಮುಗಿದಾಗ ಬಾಸ್ಟನ್ನಿನ ನಿಧಿ 40 ಲಕ್ಷ ಡಾಲರನ್ನು ದಾಟಿತ್ತು. ಲೆಕ್ಕದ ದೃಷ್ಟಿಯಿಂದ ಇದು ಮಹಾ ಯಶಸ್ಸು. ನನಗೆ ಮಾತ್ರ ಆ ಕಂಬದ ಮುಂದೆ ನಿಂತಾಗ ಕಣ್ಣಿಗೆ ಬಂದದ್ದು ಇಪ್ಪತ್ತನಾಲ್ಕರ ಒಬ್ಬ ಬ್ರಹ್ಮಚಾರಿ ಬಡಗಿ. ಎಲ್ಲ ಅರ್ಹತೆಯೂ ಇದ್ದು, ಮದುವೆಯಾಗಿಲ್ಲವೆಂಬ ಒಂದೇ ಕಾರಣಕ್ಕೆ ಬರಿಗೈಯಲ್ಲಿ ಹೋದವನು ಒಬ್ಬನಾದರೂ ಇದ್ದಿರಲೇಬೇಕು.

ಸತ್ತವರ ಕೈ ಬದುಕಿರುವವರ ಕೊರಳನ್ನು ಹಿಡಿಯಬಾರದು ಎಂಬ ಯೋಚನೆಯಿಂದಲೇ ಕ್ಲೀವ್‌ಲ್ಯಾಂಡಿನ ಬ್ಯಾಂಕರ್ ಫ್ರೆಡರಿಕ್ ಗೋಫ್ 1914ರಲ್ಲಿ ಮೊದಲ ಸಮುದಾಯ ನಿಧಿಯನ್ನು ಕಟ್ಟಿದ. ಹಲವರ ದತ್ತಿ ಒಂದೇ ಬುಟ್ಟಿಗೆ. ಕಾಲ ಬದಲಾದಂತೆ ಉದ್ದೇಶವನ್ನು ಊರಿನವರ ಸಮಿತಿ ಬದಲಾಯಿಸಬಹುದು. ಮರುವರ್ಷವೇ ಬಾಸ್ಟನ್ನಿನಲ್ಲೂ ಅಂಥದ್ದೊಂದು ಆಯಿತು, ಈಗ ಅದು ಬಾಸ್ಟನ್ ಫೌಂಡೇಶನ್. ಊರಿನವರೆಂದರೆ ಆಗ ಯಾರು ಎಂಬ ಪ್ರಶ್ನೆ ಬೇರೆ. ಬ್ಯಾಂಕಿನ ಹಜಾರದಲ್ಲಿ ಹುಟ್ಟಿದ ಸಮಿತಿಗೆ ಊರೆಂದರೆ ಬ್ಯಾಂಕಿನ ಕಿಟಕಿಯಿಂದ ಕಾಣುವಷ್ಟು.

ಮಧ್ಯಾಹ್ನ ಸೌತ್ ಸ್ಟೇಷನ್ನಿನ ಹತ್ತಿರ 89, ಸೌತ್ ಬೀದಿಯ ಕಟ್ಟಡದ ಮುಂದೆ ನಿಂತೆ. ಸಣ್ಣಪುಟ್ಟ ಲಾಭರಹಿತ ಸಂಸ್ಥೆಗಳಿಗೆ ಒಂದೇ ಸೂರಿನಡಿ ಕಚೇರಿ ಸಿಗಲೆಂದು 2004ರಲ್ಲಿ ಕೊಂಡ ಹಳೆಯ ಕಟ್ಟಡ. ಕೊಂಡ ಟಿಎಸ್‌ಎನ್‌ಇ ಎಂಬ ಸಂಸ್ಥೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನನಗೆ ಹೆಚ್ಚು ಕುತೂಹಲವಿದ್ದದ್ದು ಅದರಲ್ಲಿ. ಅಮೆರಿಕದ ಖಾಸಗಿ ಫೌಂಡೇಶನ್ನುಗಳು ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು ಶೇಕಡಾ 5ರಷ್ಟನ್ನಾದರೂ ಖರ್ಚು ಮಾಡಲೇಬೇಕೆಂದು ಕಾನೂನು ಹೇಳುತ್ತದೆ. ಆದರೆ ತೆರಿಗೆ ವಿನಾಯಿತಿಯ ನೋಂದಣಿ ಇಲ್ಲದ ಗುಂಪಿಗೆ ಕೊಡಬೇಕಾದರೆ ಕಾಗದಪತ್ರದ ತಾಪತ್ರಯ ವಿಪರೀತ. ಹಾಗಾಗಿ ಒಂದು ಬೀದಿಯ ಬಾಡಿಗೆದಾರರ ಗುಂಪೋ ತಾಯಂದಿರ ಕೂಟವೋ ನೋಂದಾಯಿತ ಸಂಸ್ಥೆಯೊಂದರ ನೆರಳಿಗೆ ಬರುತ್ತದೆ. ದುಡ್ಡು ಆ ಸಂಸ್ಥೆಗೆ ಬರುತ್ತದೆ, ಲೆಕ್ಕ ಅದು ನೋಡಿಕೊಳ್ಳುತ್ತದೆ, ಕೆಲಸ ಗುಂಪಿನದು. ನೆರಳಿಗೂ ಒಂದಿಷ್ಟು ಶುಲ್ಕವಿದೆ, ಇರಲಿ. ಈ ಊರಿನ ಕೊಡುಗೈಯವರ ಒಕ್ಕೂಟ ಹುಟ್ಟಿದ್ದು 1969ರಲ್ಲಿ. ಹತ್ತು ಕಡೆ ಅರ್ಜಿ ಹಾಕುವವರು ಹತ್ತು ಬಗೆಯಲ್ಲಿ ಅದೇ ಮಾತನ್ನು ಬರೆದು ಸಾಯಬಾರದೆಂದು ಅದು ಒಂದೇ ಸಾಮಾನ್ಯ ನಮೂನೆಯನ್ನು ಮಾಡಿಕೊಟ್ಟಿದೆ. ಆ ನಮೂನೆಗೆ ಒಂದು ನಮಸ್ಕಾರ ಹಾಕಬೇಕೆನಿಸಿತು.

ಮೂರನೆಯ ದಿನ, ಮಂಗಳವಾರ

ನೂಬಿಯನ್ ಚೌಕದಿಂದ ಡಡ್ಲಿ ಬೀದಿಯನ್ನು ಹಿಡಿದು ಪೂರ್ವಕ್ಕೆ ನಡೆದೆ. ಬಸ್ಸಿದೆ, ಹತ್ತಲಿಲ್ಲ. ಮೇ ತಿಂಗಳ ಬಿಸಿಲು, ಗಾಳಿ ಮಾತ್ರ ಇನ್ನೂ ಚಳಿಗಾಲದ್ದು. ಮೂರಂತಸ್ತಿನ ಮರದ ಮನೆಗಳು, ಪ್ರತಿ ಅಂತಸ್ತಿಗೂ ಬೀದಿಯ ಕಡೆಗೊಂದು ಮೊಗಸಾಲೆ. ಒಂದು ಮೊಗಸಾಲೆಯಲ್ಲಿ ಕೇಪ್ ವರ್ಡ್ ದ್ವೀಪಗಳ ಧ್ವಜ.

ಸ್ವಲ್ಪ ದೂರದಲ್ಲಿ ಸೇಂಟ್ ಪ್ಯಾಟ್ರಿಕ್ ಚರ್ಚು ಸಿಕ್ಕಿತು. ಎದುರಿನ ಪಾದಚಾರಿ ದಾರಿಯಲ್ಲಿ ಕುಳಿತೆ. ನಮ್ಮ ಕಸುಬಿನ ಕಥೆಯ ತಿರುವು ಈ ಚರ್ಚಿನಲ್ಲಿದೆ.

1984ರಲ್ಲಿ ಇದೇ ಬೀದಿಯ ಲಾ ಅಲಿಯಾನ್ಸಾ ಹಿಸ್ಪಾನಾ ಎಂಬ ಸೇವಾ ಸಂಸ್ಥೆ ಬಾಸ್ಟನ್ನಿನ ದತ್ತಿ ಸಂಸ್ಥೆಯಾದ ರೈಲಿ ಫೌಂಡೇಶನ್ನಿಗೆ ಅರ್ಜಿ ಹಾಕಿತು. ಕೇಳಿದ್ದು ದೊಡ್ಡದೇನಲ್ಲ: ಕಚೇರಿಗೆ ಹೊಸ ಕಾರ್ಪೆಟ್. ಅರ್ಜಿ ಓದಿ ಹೌದು ಅಥವಾ ಇಲ್ಲ ಎಂದು ಬರೆದು ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಟ್ರಸ್ಟಿಗಳು ಒಮ್ಮೆ ನೋಡಿ ಬರೋಣವೆಂದು ಬಂದರು. ಕಾರ್ಪೆಟ್ ಹಾಸಬೇಕಾದ ನೆಲವನ್ನು ನೋಡಿದರು, ಆಮೇಲೆ ಕಿಟಕಿಯಾಚೆ ನೋಡಿದರು. ಸುತ್ತಲಿನ ಬೀದಿಗಳಲ್ಲಿ ಸುಮಾರು 1,300 ನಿವೇಶನಗಳು ಖಾಲಿ ಬಿದ್ದಿದ್ದವು. ಈ ಭಾಗಕ್ಕೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಮಾರಾಟವಾಗದ ಮನೆಗೆ ವಿಮೆಯ ಹಣದ ಆಸೆಯಿಂದ ಬೆಂಕಿ ಬೀಳುತ್ತಿತ್ತು. ಸುಟ್ಟ ಜಾಗಕ್ಕೆ ಬೇರೆ ಕಡೆಯ ಲಾರಿಗಳು ರಾತ್ರಿ ಕಸ ತಂದು ಸುರಿಯುತ್ತಿದ್ದವು. ಬಾಸ್ಟನ್ನಿನಲ್ಲೇ ಬದುಕಿದ್ದ ಟ್ರಸ್ಟಿಗಳಿಗೆ ತಮ್ಮ ನಗರದೊಳಗೆ ಇಂಥದ್ದೊಂದು ಇದೆ ಎಂಬುದೇ ಹೊಸ ಸುದ್ದಿಯಾಗಿತ್ತು. ಕ್ಷೇತ್ರ ಭೇಟಿಯ ಬಗ್ಗೆ ನನಗೆ ನಂಬಿಕೆ ಕಡಿಮೆ. ನಾವು ಬರುವ ದಿನ ಎಲ್ಲ ಕಡೆ ನೆಲ ತೊಳೆದಿರುತ್ತಾರೆ, ಮಕ್ಕಳು ಹಾಡು ಕಲಿತಿರುತ್ತಾರೆ. ಆದರೆ ತೋರಿಸಲು ಇಟ್ಟದ್ದನ್ನು ಬಿಟ್ಟು ಕಿಟಕಿಯಾಚೆ ನೋಡುವವರು ಅಪರೂಪಕ್ಕೆ ಇರುತ್ತಾರೆ ಎಂಬುದಕ್ಕೆ ಈ ಬೀದಿಯೇ ಸಾಕ್ಷಿ.

ಇಲ್ಲಿಯವರೆಗೆ ಕಥೆ ಕೊಡುವವರ ಒಳ್ಳೆಯತನದ್ದು. ಮುಂದಿನದು ಬೇರೆ. ಮನಸ್ಸು ಕರಗಿದ ಫೌಂಡೇಶನ್ ಸುತ್ತಲಿನ ಸೇವಾ ಸಂಸ್ಥೆಗಳನ್ನು ಕೂಡಿಸಿಕೊಂಡು, ಬಡಾವಣೆಯನ್ನು ಮತ್ತೆ ಕಟ್ಟಲು ಒಂದು ಹೊಸ ಒಕ್ಕೂಟದ ನಕ್ಷೆ ಹಾಕಿತು. 1985ರ ಫೆಬ್ರುವರಿಯಲ್ಲಿ ಈ ಚರ್ಚಿನಲ್ಲಿ ಜನರ ಸಭೆ ಕರೆದು ಅದನ್ನು ಮುಂದಿಟ್ಟಿತು. ಸುಮಾರು 200 ಮಂದಿ ಬಂದರು. ಚಪ್ಪಾಳೆ ಬೀಳಬೇಕಾದ ಕಡೆ ಪ್ರಶ್ನೆ ಬಿತ್ತು. ವೇದಿಕೆಯ ಮೇಲಿರುವ ನಿಮ್ಮಲ್ಲಿ ಈ ಬೀದಿಗಳಲ್ಲಿ ವಾಸವಿರುವವರು ಎಷ್ಟು ಮಂದಿ? ಆಡಳಿತ ಮಂಡಳಿಯಲ್ಲಿ ನಿವಾಸಿಗಳಿಗೆ ಬೆರಳೆಣಿಕೆಯ ಸ್ಥಾನ ಇಟ್ಟು ಉಳಿದದ್ದನ್ನು ಸಂಸ್ಥೆಗಳಿಗೆ ಹಂಚಿಕೊಂಡಿರುವುದೇಕೆ? ಊರನ್ನು ಸರಿಮಾಡುತ್ತೇವೆಂದು ಬಂದವರನ್ನು ಇಲ್ಲಿಯವರು ಹಿಂದೆಯೂ ನೋಡಿದ್ದರು. ಅಂಥವರು ಬಂದು ಹೋದ ಮೇಲೆ ಉಳಿದದ್ದೇ ಆ ಖಾಲಿ ನಿವೇಶನಗಳು.

ಆ ಸಂಜೆ ಟ್ರಸ್ಟಿಗಳ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು ನೋಡಿದೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ? ಸಲಹೆಗಳನ್ನು ಪರಿಶೀಲಿಸುತ್ತೇವೆ ಎನ್ನುತ್ತಿದ್ದೆ. ಕಚೇರಿಗೆ ಮರಳಿ, ಸಮುದಾಯ ಇನ್ನೂ ಸಿದ್ಧವಾಗಿಲ್ಲ ಎಂದು ಟಿಪ್ಪಣಿ ಬರೆದು ಹಣವನ್ನು ಇನ್ನೊಂದು ಬಡಾವಣೆಗೆ ತಿರುಗಿಸುತ್ತಿದ್ದೆ. ಇಂಥ ಟಿಪ್ಪಣಿಯನ್ನು ಒಂದೆರಡು ಸಲ ಬರೆದೂ ಇದ್ದೇನೆ.

ಅವರು ನಕ್ಷೆಯನ್ನು ಕೆಳಗಿಟ್ಟರು. ನಿವಾಸಿಗಳನ್ನು ಜೊತೆಗೆ ಕೂರಿಸಿಕೊಂಡು ನಿಯಮಗಳನ್ನು ಹೊಸದಾಗಿ ಬರೆದರು. ಮಂಡಳಿಯಲ್ಲಿ ನಿವಾಸಿಗಳದೇ ಮೇಲುಗೈ. ಕಪ್ಪು ಅಮೆರಿಕನ್ನರು, ಕೇಪ್ ವರ್ಡ್‌ನವರು, ಸ್ಪ್ಯಾನಿಷ್ ಮಾತಾಡುವವರು, ಬಿಳಿಯರು, ಈ ನಾಲ್ಕು ಸಮುದಾಯಗಳಿಗೂ ಸಮ ಸಂಖ್ಯೆಯ ಸ್ಥಾನ, ಜನಸಂಖ್ಯೆ ಎಷ್ಟೇ ಇರಲಿ. ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಶಿಯೇಟಿವ್ ಹುಟ್ಟಿದ್ದು ಹೀಗೆ. ರೈಲಿ ಫೌಂಡೇಶನ್ ಹಣ ಕೊಡುವುದನ್ನು ನಿಲ್ಲಿಸಲಿಲ್ಲ, ವರ್ಷಗಟ್ಟಲೆ ಜೊತೆಗಿತ್ತು.

ಹೊಸ ಮಂಡಳಿ ಮೊದಲು ಕೈಹಾಕಿದ್ದು ಮನೆ ಕಟ್ಟುವುದಕ್ಕಲ್ಲ, ಕಸಕ್ಕೆ. ಮನೆ ಕಟ್ಟಿದರೆ ಉದ್ಘಾಟನೆಗೆ ಫಲಕ ಹಾಕಬಹುದು. ಕಸ ಹೋದ ಜಾಗದಲ್ಲಿ ಹಾಕಲು ಏನಿದೆ? ಆದರೆ ಜನ ಹೇಳಿದ್ದು ಅದನ್ನೇ: ಮೊದಲು ನಾತ ಹೋಗಲಿ. 1986ರಲ್ಲಿ ನಮ್ಮ ಮೇಲೆ ಸುರಿಯಬೇಡಿ ಎಂಬ ಘೋಷಣೆಯೊಂದಿಗೆ ಹೊರಟರು, ನಗರಾಡಳಿತ ಅಕ್ರಮ ಕಸದ ಅಡ್ಡೆಗಳನ್ನು ಮುಚ್ಚಿಸುವವರೆಗೆ ಬಿಡಲಿಲ್ಲ. ಆಮೇಲೆ ತಮ್ಮ ಬಡಾವಣೆಯ ಯೋಜನೆಯನ್ನು ತಾವೇ ಬರೆಸಿದರು. 1988ರಲ್ಲಿ ನಗರದ ಪುನರ್‌ನಿರ್ಮಾಣ ಪ್ರಾಧಿಕಾರ ಅವರಿಗೆ ಸರ್ಕಾರಕ್ಕಷ್ಟೇ ಇರುವ ಒಂದು ಅಧಿಕಾರವನ್ನು ಕೊಟ್ಟಿತು: ಖಾಸಗಿಯವರ ಖಾಲಿ ನಿವೇಶನಗಳನ್ನು ಸಾರ್ವಜನಿಕ ಉದ್ದೇಶಕ್ಕಾಗಿ ಬೆಲೆ ಕೊಟ್ಟು ಸ್ವಾಧೀನಪಡಿಸಿಕೊಳ್ಳುವ ಅಧಿಕಾರ. ಅಮೆರಿಕದಲ್ಲಿ ಬಡಾವಣೆಯ ಜನರ ಸಂಘಟನೆಯೊಂದಕ್ಕೆ ಇದು ಸಿಕ್ಕಿದ್ದು ಅದೇ ಮೊದಲು. ನೆಲ ಕೊಳ್ಳಲು ಫೋರ್ಡ್ ಫೌಂಡೇಶನ್ 20 ಲಕ್ಷ ಡಾಲರ್ ಕೊಟ್ಟಿತು, ದಾನವಾಗಿ ಅಲ್ಲ, ಸಾಲವಾಗಿ. ಸಾಲ ಕೊಡುವವನು ಎದುರಿನವನನ್ನು ತೀರಿಸಬಲ್ಲವನೆಂದು ನಂಬಿರುತ್ತಾನೆ. ಬಡವರ ಸಂಘಕ್ಕೆ ದಾನ ಸುಲಭವಾಗಿ ಸಿಗುತ್ತದೆ, ಆ ನಂಬಿಕೆ ಸಿಗುವುದು ಕಷ್ಟ.

ಎದ್ದು ಮುಂದೆ ನಡೆದೆ. ಬ್ಲೂ ಹಿಲ್ ಅವೆನ್ಯೂ ಕೂಡುವಲ್ಲಿ ಡಡ್ಲಿ ಟೌನ್ ಕಾಮನ್, ಊರ ಹುಲ್ಲುಹಾಸು. ಒಳಬೀದಿಗಳಲ್ಲಿ ಒತ್ತಾಗಿ ನಿಂತ, ಚಿಕ್ಕ ಅಂಗಳದ ಮನೆಗಳು. ಇವುಗಳಲ್ಲಿ ಕೆಲವು ಡಡ್ಲಿಯ ಸಂಘಟನೆ ಕಟ್ಟಿಕೊಂಡ ಭೂ ಟ್ರಸ್ಟಿನವು, ಹೊರಗಿನಿಂದ ಯಾವುವೆಂದು ಹೇಳಲಾಗದು. ಮನೆ ನಿಮ್ಮದು; ಅಡಿಯ ನೆಲ ಟ್ರಸ್ಟಿನದು, 99 ವರ್ಷದ ಗುತ್ತಿಗೆಗೆ ನಿಮ್ಮ ಕೈಯಲ್ಲಿ. ಮಾರುವಾಗ ಬೆಲೆಗೆ ಮಿತಿಯಿದೆ, ಹಾಗಾಗಿ ಮುಂದೆ ಕೊಳ್ಳುವವರ ಕೈಗೂ ಎಟಕುತ್ತದೆ. ಟ್ರಸ್ಟಿನ ನೆಲದ ಮೇಲೆ ಈಗ ಇನ್ನೂರಕ್ಕೂ ಹೆಚ್ಚು ಮನೆಗಳಿವೆ. ಮೊದಲ ಮನೆಗಳಿಗೆ ಗುದ್ದಲಿ ಬಿದ್ದದ್ದು ತೊಂಬತ್ತರ ದಶಕದ ಆರಂಭದ ವರ್ಷಗಳಲ್ಲಿ. ಕಾರ್ಪೆಟ್ ಕೇಳಿದ ದಿನದಿಂದ ಲೆಕ್ಕ ಹಾಕಿದರೆ ಒಂದು ದಶಕದ ಹತ್ತಿರ. ನಮ್ಮ ಸಂಸ್ಥೆಯ ಅನುದಾನದ ಅವಧಿ ಹನ್ನೆರಡು ತಿಂಗಳು, ಅದರಲ್ಲಿ ಕೊನೆಯ ಎರಡು ವರದಿಗೆ.

ಒಂದು ಅಂಗಳದಲ್ಲಿ ಮುದುಕರೊಬ್ಬರು ಹೂವಿನ ಕುಂಡಕ್ಕೆ ಬಣ್ಣ ಹಚ್ಚುತ್ತಿದ್ದರು. ನೋಡುತ್ತಾ ನಿಂತ ನನ್ನನ್ನು ಕಂಡು ಮನೆ ಕೊಳ್ಳಲು ಬಂದೆಯಾ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ನಿಂತು ನೋಡು ಎಂದರು.

ನಾಲ್ಕನೆಯ ದಿನ, ಬುಧವಾರ

ಹಗಲೆಲ್ಲ ಕಾಲು ನೋವು. ಸಂಜೆ ಒಂದು ಸಣ್ಣ ಗುಂಪಿನ ಸಭೆಗೆ ಹೋಗುವುದಿತ್ತು. ಪರಿಚಯದವರ ಪರಿಚಯದವರು ಹೇಳಿ ಒಪ್ಪಿಸಿದ್ದರು. ಗುಂಪಿನ ಹೆಸರು ಬೇಡ. ಬಾಡಿಗೆದಾರರ ಕೂಟ, ನೋಂದಣಿಯಿಲ್ಲ, ಇನ್ನೊಂದು ಸಂಸ್ಥೆಯ ನೆರಳಿನಲ್ಲಿದೆ. ಚರ್ಚೊಂದರ ನೆಲಮಾಳಿಗೆಯಲ್ಲಿ ಕಬ್ಬಿಣದ ಮಡಚು ಕುರ್ಚಿಗಳು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಬ್ಬ ಹೆಂಗಸು ಸ್ಪ್ಯಾನಿಷಿಗೆ ಹೇಳುತ್ತಿದ್ದಳು, ಹತ್ತು ಹನ್ನೊಂದರ ಒಬ್ಬ ಹುಡುಗ ಅಜ್ಜಿಯ ಕಿವಿಯಲ್ಲಿ ಕೇಪ್ ವರ್ಡ್‌ನ ಕ್ರಿಯೋಲಿಗೆ. ಪ್ರತಿ ನಗೆಹನಿಗೂ ಮೂರು ಸಲ ನಗು ಬರುತ್ತಿತ್ತು. ಅಜ್ಜಿ ಕೊನೆಗೆ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.

ಸಭೆಯ ಮುಕ್ಕಾಲು ಗಂಟೆ ಒಂದು ಬೀರುವಿನ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಚರ್ಚೆಗೆ ಹೋಯಿತು. ಬಾಡಿಗೆ ಏರಿಕೆಯ ವಿರುದ್ಧ ಹೋರಾಡುವವರು ಬೀಗದ ಕೈಗೆ ಗುದ್ದಾಡುತ್ತಿದ್ದಾರಲ್ಲ ಎಂದು ನನಗೆ ಬೇಸರ ಬಂತು. ಗಡಿಯಾರ ನೋಡಿದ್ದನ್ನು ಪಕ್ಕದ ಹೆಂಗಸು ಗಮನಿಸಿದಳು. ಆಕೆಯೇ ಗುಂಪಿನ ಲೆಕ್ಕ ಇಡುವವಳು. ಸಭೆ ಮುಗಿದ ಮೇಲೆ ಬಾ ಎಂದು ಕರೆದು ಬೀರುವನ್ನು ತೆರೆದು ತೋರಿಸಿದಳು. ಒಳಗೆ ಒಂದು ಮುದ್ರಣ ಯಂತ್ರ. ಮೈಮೇಲೆ ಕೊಟ್ಟವರ ಹೆಸರಿನ ಚೀಟಿ, ಹೊಳೆಯುತ್ತಿತ್ತು. ಎರಡು ವರ್ಷದ ಹಿಂದೆ ಬಂದದ್ದು. ಯಂತ್ರಕ್ಕೆ ಅನುದಾನ ಸಿಕ್ಕಿತು, ಶಾಯಿಗೆ ಸಿಗಲಿಲ್ಲ. ಶಾಯಿ ಆಡಳಿತಾತ್ಮಕ ವೆಚ್ಚದಲ್ಲಿ ಬರುತ್ತದಂತೆ, ಅದಕ್ಕೆ ಅವಕಾಶವಿಲ್ಲವಂತೆ. ಒಂದು ಡಬ್ಬಿ ಶಾಯಿಯನ್ನು ಜನ ಕೈಯಿಂದ ಹಾಕಿ ಕೊಂಡಿದ್ದಾರೆ. ಬೀಗದ ಕೈ ಯಾರ ಬಳಿಯೋ ಅವರು ಶಾಯಿಗೆ ಜವಾಬ್ದಾರರು. ನನ್ನ ಗಡಿಯಾರ ಅಲ್ಲೇ ಮಣಿಕಟ್ಟಿನಲ್ಲಿ ಚುಚ್ಚತೊಡಗಿತು.

ಆಮೇಲೆ ನನ್ನ ಸರದಿಯೆಂದುಕೊಂಡು ಅಭ್ಯಾಸದ ಪ್ರಶ್ನೆಗಳನ್ನು ಶುರುಮಾಡಿದೆ. ಸದಸ್ಯರು ಎಷ್ಟು, ಎಷ್ಟು ಮನೆಗಳಿಗೆ ಪ್ರಯೋಜನವಾಗಿದೆ, ಹಣ ನಿಂತರೆ ಹೇಗೆ ನಡೆಸುತ್ತೀರಿ. ಆಕೆ ಎಲ್ಲಕ್ಕೂ ಉತ್ತರಿಸಿದಳು, ಪಾಠ ಒಪ್ಪಿಸುವ ಹಾಗೆ. ನಂತರ ಚೀಲದಿಂದ ಗೆರೆ ಹಾಕಿದ ಒಂದು ನೋಟ್ ಪುಸ್ತಕ ತೆಗೆದಳು. ನೀಲಿ ರಟ್ಟು, ಮೂಲೆಗಳು ಮಡಿಚಿಕೊಂಡಿದ್ದವು. ಪುಟದ ಅಡ್ಡಕ್ಕೆ ಐದು ಕಲಮುಗಳನ್ನು ಸ್ಕೇಲಿಟ್ಟು ಎಳೆದಿದ್ದಳು: ದಿನಾಂಕ, ಬಂದವರು, ಎಷ್ಟು ಹೊತ್ತು ಕುಳಿತರು, ಏನು ಕೇಳಿದರು, ಮರಳಿ ಬರೆದರೇ. ಹಣ ಕೊಡುವವರು, ಕೊಡಬಹುದಾದವರು, ಅಧ್ಯಯನಕ್ಕೆ ಬಂದವರು, ನನ್ನಂತೆ ಸುಮ್ಮನೆ ಬಂದವರು, ಎಲ್ಲರೂ ಅಲ್ಲಿದ್ದರು. ಕೊನೆಯ ಕಲಮಿನಲ್ಲಿ ಹೆಚ್ಚಿನ ಸಾಲುಗಳಿಗೆ ಒಂದು ಚಿಕ್ಕ ಅಡ್ಡಗೆರೆ. ಎಷ್ಟು ಹಣ ಬಂತು ಎಂಬ ಕಲಮು ಇರಲಿಲ್ಲ. ಯಾಕೆಂದು ಕೇಳಿದೆ. ಅದು ಬ್ಯಾಂಕಿನ ಪುಸ್ತಕದಲ್ಲಿದೆ ಎಂದಳು.

ನನ್ನ ಹೆಸರು ಬರೆದುಕೊಂಡಳು. ಕಾಗುಣಿತ ತಪ್ಪಿತ್ತು, ತಿದ್ದಲಿಲ್ಲ.

ರಾತ್ರಿ ಕೋಣೆಯಲ್ಲಿ ಒಂದು ಹಳೆಯ ಸಂಗತಿ ಎದ್ದು ಕುಳಿತಿತು. ನಮ್ಮ ಸಂಸ್ಥೆ ಆಗ ಅರ್ಧವಾರ್ಷಿಕ ವರದಿಗೆ ಹದಿನಾಲ್ಕು ಪುಟದ ನಮೂನೆ ಇಟ್ಟಿತ್ತು. ರೂಪಿಸಿದವರಲ್ಲಿ ನಾನೂ ಒಬ್ಬ. ಒಂದು ಮಹಿಳಾ ಗುಂಪಿನ ಮುಖ್ಯಸ್ಥೆ ಎರಡು ವಾರ ಕುಳಿತು ಅದನ್ನು ತುಂಬಿ ಕಳಿಸಿದ್ದರು. ನಾನು ಮೊದಲ ಮೂರು ಪುಟ ಓದಿ, ಅಂಕಿಗಳು ಸರಿಯಿವೆಯೆಂದು ಗುರುತು ಹಾಕಿ, ಮುಂದಿನ ಕಂತನ್ನು ಬಿಡುಗಡೆ ಮಾಡಿದೆ. ಕೆಲವು ತಿಂಗಳ ನಂತರ ಸಮಾರಂಭವೊಂದರಲ್ಲಿ ಅವರ ಕೆಲಸ ಬಹಳ ಯಶಸ್ವಿಯಾಗಿದೆ ಎಂದು ಎಲ್ಲರೆದುರು ಹೊಗಳಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, ಒಂಬತ್ತನೆಯ ಪುಟ ಓದಿದಿರಾ? ಹೌದೆಂದೆ. ಆಕೆ ನನ್ನ ಮುಖ ನೋಡಿದರು, ಇನ್ನೇನೂ ಹೇಳಲಿಲ್ಲ. ಮರುವರ್ಷ ಅರ್ಜಿ ಹಾಕಲಿಲ್ಲ. ಒಂಬತ್ತನೆಯ ಪುಟದಲ್ಲಿ ಏನಿತ್ತೆಂದು ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು: ಕೆಲಸದ ಅರ್ಧ ಭಾಗ ಕೈಕೊಟ್ಟಿದೆ, ಕಾರಣಗಳು ಇವು, ಮುಂದೆ ಏನು ಮಾಡಬೇಕೆಂದು ಕುಳಿತು ಮಾತಾಡೋಣ ಎಂದು ಆಕೆ ಬರೆದಿದ್ದರಂತೆ.

ಐದನೆಯ ದಿನ, ಗುರುವಾರ

ಮಳೆ. ಹೆಚ್ಚೇನೂ ನೋಡಲಿಲ್ಲ. ಬಸ್ಸಿನಿಂದಲೇ ಡಡ್ಲಿ ಬೀದಿಯ ಕ್ರಾಕ್ ಸೆಂಟರನ್ನು ಕಂಡೆ, ಈಜುಕೊಳ ಇರುವ ದೊಡ್ಡ ಕಟ್ಟಡ. ಮೆಕ್‌ಡೊನಾಲ್ಡ್ಸ್ ಕಂಪನಿಯನ್ನು ಬೆಳೆಸಿದ ರೇ ಕ್ರಾಕ್‌ನ ವಿಧವೆ ಜೋನ್ ಕ್ರಾಕ್ ಸಾಯುವಾಗ ಇಂಥ ಕೇಂದ್ರಗಳನ್ನು ಕಟ್ಟಲೆಂದು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಗೆ ಸುಮಾರು 150 ಕೋಟಿ ಡಾಲರ್ ಬಿಟ್ಟುಹೋದಳು. ಇದು 2011ರಲ್ಲಿ ತೆರೆಯಿತು. ದೊಡ್ಡ ಹಣ ಬೀದಿಗೆ ಬಂದರೆ ಹೀಗಿರುತ್ತದೆ, ಕಣ್ಣಿಗೆ ತಕ್ಷಣ ಕಾಣುತ್ತದೆ. ಮಕ್ಕಳು ನೆನೆದ ಟವೆಲ್ ಹೊದ್ದು ಓಡಿ ಬರುತ್ತಿದ್ದರು, ಅವರಿಗೆ ನನ್ನ ತಕರಾರುಗಳು ಬೇಡ.

ಕಾಣದ ಬಗೆಯ ಹಣವೂ ಈ ಊರಿನಲ್ಲಿದೆ. ಹೇಮಾರ್ಕೆಟ್ ಪೀಪಲ್ಸ್ ಫಂಡ್ 1974ರದು. ತಾತಂದಿರ ಆಸ್ತಿ ಕೈಗೆ ಬಂದ ಕೆಲವು ಯುವಕರು ಹಣವನ್ನು ಒಟ್ಟು ಮಾಡಿ, ಅದನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನವನ್ನು ಬೀದಿಯಲ್ಲಿ ಕೆಲಸ ಮಾಡುವವರ ಸಮಿತಿಗೆ ಬಿಟ್ಟುಬಿಟ್ಟರು. ಹೊಸದಾಗಿ ಬಂದ ಉಜಿಮಾ ಎಂಬ ನಿಧಿಯಲ್ಲಿ ದುಡಿಯುವ ವರ್ಗದ ಬಡಾವಣೆಗಳ ಸದಸ್ಯರು ಮತ ಹಾಕಿ ಯಾವ ಸ್ಥಳೀಯ ಉದ್ಯಮಕ್ಕೆ ಹಣ ಹೋಗಬೇಕೆಂದು ನಿರ್ಧರಿಸುತ್ತಾರೆ. ನಷ್ಟವಾದರೆ ಮೊದಲ ಪೆಟ್ಟು ಫೌಂಡೇಶನ್ನುಗಳ ಪಾಲಿಗೆ, ಸಣ್ಣ ಉಳಿತಾಯ ಹಾಕಿದವರಿಗೆ ಕೊನೆಗೆ. ಇದನ್ನು ನಮ್ಮ ಟ್ರಸ್ಟಿಗಳಿಗೆ ಹೇಳಿದರೆ ಏನಾಗಬಹುದೆಂದು ಊಹಿಸಿ ಒಬ್ಬನೇ ನಕ್ಕೆ. ಬಸ್ಸಿನಲ್ಲಿ ಎದುರಿಗೆ ಕುಳಿತವರು ಸೀಟು ಬದಲಾಯಿಸಿದರು.

ಆರನೆಯ ದಿನ, ಶುಕ್ರವಾರ

ವಿಮಾನ ರಾತ್ರಿಗೆ. ಬೆಳಿಗ್ಗೆ ಬ್ರೂಕ್ ಅವೆನ್ಯೂದ ಹಸಿರುಮನೆಯನ್ನು ಹೊರಗಿನಿಂದ ನೋಡಿದೆ. ಹತ್ತು ಸಾವಿರ ಚದರಡಿ ನೆಲ, ಭೂ ಟ್ರಸ್ಟಿನದು. 2010ರಿಂದ ಫುಡ್ ಪ್ರಾಜೆಕ್ಟ್ ಎಂಬ ಸಂಸ್ಥೆ ಬೇಸಾಯ ಮಾಡುತ್ತಿದೆ, ಸುತ್ತಲಿನ ಗುಂಪುಗಳೂ ಇಲ್ಲಿ ಬೆಳೆಯುತ್ತವೆ. ಮಂಜು ಕವಿದ ಗೋಡೆಯ ಹಿಂದೆ ಯಾರೋ ಬಗ್ಗಿ ಸಸಿಗಳ ತಟ್ಟೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿದ್ದರು. ಬರೀ ನೆರಳು ಕಾಣುತ್ತಿತ್ತು. ತಟ್ಟೆಗಳು ಮುಗಿಯುವವರೆಗೂ ನಿಂತಿದ್ದೆ.

ಬರುವಾಗ ಪುಕ್ಕಟೆ ಕರೆತಂದ ಬಸ್ಸು ಹೋಗುವಾಗ ದುಡ್ಡು ಕೇಳಿತು. ನ್ಯಾಯವೇ.

ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಕಾಯುವುದಿತ್ತು. ಮೊದಲು ನೀಲಿ ಪುಸ್ತಕದವಳಿಗೆ ಬರೆದೆ: ನಿಮ್ಮ ಸಭೆಯಲ್ಲಿ ನಾನು ಗಡಿಯಾರ ನೋಡಿದ್ದು ತಪ್ಪು, ಬೀಗದ ಕೈ ಕೊನೆಗೆ ಯಾರ ಬಳಿ ಉಳಿಯಿತೆಂದು ತಿಳಿಸಿ. ಕಳಿಸಿದ ಮೇಲೆ ಲ್ಯಾಪ್‌ಟಾಪಿನ ಹಳೆಯ ಕಡತಗಳಲ್ಲಿ ಹುಡುಕುತ್ತಾ ಹೋದೆ. ವರ್ಷ ನೆನಪಿರಲಿಲ್ಲ, ಕಡತಕ್ಕೆ ನಾವು ಕೊಟ್ಟಿದ್ದ ಸಂಖ್ಯೆಯೂ ನೆನಪಿರಲಿಲ್ಲ. ಕೊನೆಗೆ ಆಕೆಯ ಊರಿನ ಹೆಸರು ಹಾಕಿದಾಗ ಸಿಕ್ಕಿತು. ಹದಿನಾಲ್ಕು ಪುಟ, ಪ್ರತಿ ಪುಟವನ್ನೂ ಓರೆಯಾಗಿ ಸ್ಕ್ಯಾನ್ ಮಾಡಿ ಕಳಿಸಿದ್ದರು. ಎರಡನೆಯ ಪುಟದಲ್ಲಿ ನನ್ನ ಹಸಿರು ಗುರುತು, ಮೂರನೆಯದರಲ್ಲಿ ಇನ್ನೊಂದು. ಅಲ್ಲಿಂದ ಮುಂದೆ ಗುರುತಿಲ್ಲ. ಒಂಬತ್ತನೆಯ ಪುಟಕ್ಕೆ ಬಂದೆ. ಪೆನ್ನಿನಲ್ಲಿ ಬರೆದ ಅಕ್ಷರ, ಜಾಗ ಸಾಲದೆ ಅಂಚಿನಲ್ಲಿ ಮೇಲಕ್ಕೆ ಏರಿ ಹೋಗಿತ್ತು. ಓದಲು ಲ್ಯಾಪ್‌ಟಾಪನ್ನು ಅಡ್ಡಕ್ಕೆ ತಿರುಗಿಸಿ ಹಿಡಿದೆ. ವಿಮಾನ ಹತ್ತುವ ಸಾಲು ಶುರುವಾಗಿತ್ತು, ನಾನು ಎರಡನೆಯ ಪ್ಯಾರಾದಲ್ಲಿದ್ದೆ.